ಓದುಗರ ಪ್ರಶ್ನೆ: ಜನ ಓಡಾಡುವ ಗಲ್ಲಿಗೆ ಗೇಟು ಹಾಕಬಹುದೇ?

ಪ್ರಶ್ನೆ: ದಾದರ್ ಪಶ್ಚಿಮದ ಬಟ್ಟೆ ಅಂಗಡಿಗಳ ಸಾಲಿನಲ್ಲಿ, ಎರಡು ಹಳೆಯ ಕಟ್ಟಡಗಳ ನಡುವೆ ಒಂದು ಗಲ್ಲಿಯಿದೆ. ಎದುರಿನಿಂದ ಯಾರಾದರೂ ಬಂದರೆ ಗೋಡೆಗೆ ಒತ್ತಿ ನಿಂತು ದಾರಿ ಬಿಡಬೇಕು, ಅಷ್ಟು ಇಕ್ಕಟ್ಟು. ನಾನು ಮದುವೆಯಾಗಿ ಮುಂಬಯಿಗೆ ಬಂದಾಗಿನಿಂದಲೂ ನಮ್ಮ ಚಾಳಿನವರು (ವಠಾರದವರು) ಸ್ಟೇಷನ್ನಿಗೆ ಹೋಗುವುದು ಇದೇ ದಾರಿಯಲ್ಲಿ. ನಮ್ಮ ಅತ್ತೆಯವರಂತೂ ಅದಕ್ಕೂ ಹಿಂದಿನಿಂದ ಓಡಾಡಿದವರು. ಈಗ ಒಂದು ಕಟ್ಟಡದ ಮಾಲೀಕರು ಇದು ತಮ್ಮ ಸ್ವಂತ ಜಾಗವೆಂದು ಹೇಳಿ ಗೇಟಿಗಾಗಿ ಕಬ್ಬಿಣದ ಚೌಕಟ್ಟು ನೆಡಿಸಿದ್ದಾರೆ. ಒಳಗೆ ಅಂಗಡಿಯವರು ಬಟ್ಟೆ ತೊಡಿಸಿ ನಿಲ್ಲಿಸಿದ ಗೊಂಬೆಗಳು, ಫೇರಿವಾಲರ (ಬೀದಿ ವ್ಯಾಪಾರಿಗಳ) ಬುಟ್ಟಿಗಳು ಬೇರೆ. ನಮಗೆ ಏನಾದರೂ ಹಕ್ಕಿದೆಯೇ?
— ಓದುಗರೊಬ್ಬರು, ದಾದರ್

ಉತ್ತರ: ಹಕ್ಕು ಇರುವ ಸಾಧ್ಯತೆ ಬಲವಾಗಿದೆ. ಜಾಗದ ಒಡೆತನ ಬೇರೆ, ಅದರ ಮೇಲೆ ಹಾದುಹೋಗುವ ಹಕ್ಕು ಬೇರೆ. ಮುಂಬಯಿ ಮಹಾನಗರಪಾಲಿಕೆಯ 1888ರ ಕಾಯ್ದೆಯು ತನ್ನ 3ನೆಯ ಕಲಮಿನಲ್ಲಿ ‘ರಸ್ತೆ’ ಎಂದರೇನು ಎಂದು ವಿವರಿಸುವಾಗ ಗಲ್ಲಿ, ಕಾಲುದಾರಿಗಳನ್ನೂ ಸೇರಿಸಿಕೊಂಡಿದೆ. ಸಾರ್ವಜನಿಕರಿಗೆ ಹಾದುಹೋಗುವ ಹಕ್ಕಿರುವ, ಅಥವಾ ಅವರು 20 ವರ್ಷ ಅಡ್ಡಿಯಿಲ್ಲದೆ ಓಡಾಡಿರುವ ಹಾದಿ ಆ ಕಾಯ್ದೆಯ ಪ್ರಕಾರ ರಸ್ತೆಯೇ. ರಸ್ತೆಗೆ ಅಡ್ಡವಾಗಿ ಗೋಡೆ, ಬೇಲಿ, ಕಂಬಗಳನ್ನು ನಿಲ್ಲಿಸುವುದನ್ನು 312ನೆಯ ಕಲಮು ನಿಷೇಧಿಸುತ್ತದೆ. ಹಾಗೆ ನಿಲ್ಲಿಸಿದ್ದನ್ನು ಮುನ್ಸೂಚನೆಯಿಲ್ಲದೆಯೇ ತೆಗೆಸುವ ಅಧಿಕಾರವನ್ನು 314ನೆಯ ಕಲಮು ಆಯುಕ್ತರಿಗೆ ಕೊಟ್ಟಿದೆ.

ಆದ್ದರಿಂದ ನೀವು ತೋರಿಸಿಕೊಡಬೇಕಾದದ್ದು ಆ 20 ವರ್ಷಗಳನ್ನು, ಮತ್ತು ಇಲ್ಲಿಯೇ ಬಹಳ ಮಂದಿ ಸೋಲುತ್ತಾರೆ. ಒಮ್ಮೆ ಗಲ್ಲಿಯನ್ನು ನಿಧಾನವಾಗಿ ನೋಡಿಕೊಂಡು ಬನ್ನಿ. ನೆಲದಲ್ಲಿ ಪಾಲಿಕೆಯ ಚರಂಡಿ ಮುಚ್ಚಳವಿದೆಯೇ, ಗೋಡೆಯ ಮೇಲೆ ಬೀದಿದೀಪವಿದೆಯೇ, ಬೆಳಗ್ಗೆ ಪಾಲಿಕೆಯ ಸಫಾಯಿಯವರು ಬಂದು ಗುಡಿಸುತ್ತಾರೆಯೇ? ಇವೆಲ್ಲದರ ಫೋಟೋ ತೆಗೆದಿಡಿ. ಗಲ್ಲಿಯೊಳಗೆ ಬಾಗಿಲಿರುವ ಹಳೆಯ ಅಂಗಡಿಯವರ ಗುಮಾಸ್ತಾ ಲೈಸೆನ್ಸಿನಲ್ಲಿ (ಅಂಗಡಿಯ ನೋಂದಣಿ ಪತ್ರದಲ್ಲಿ) ಆ ಗಲ್ಲಿಯದೇ ವಿಳಾಸವಿದ್ದರೆ ಅದು ಒಳ್ಳೆಯ ಸಾಕ್ಷಿ. ಸಿಟಿ ಸರ್ವೆ ಕಚೇರಿಯಿಂದ ಪ್ರಾಪರ್ಟಿ ಕಾರ್ಡು (ಜಾಗದ ಒಡೆತನದ ದಾಖಲೆ) ಮತ್ತು ನಕ್ಷೆಯ ಪ್ರತಿಯನ್ನು ಪಡೆಯಿರಿ; ಚರಂಡಿ, ದೀಪಗಳ ನಿರ್ವಹಣೆ ಯಾರದೆಂದು ಮಾಹಿತಿ ಹಕ್ಕಿನಡಿ ಪಾಲಿಕೆಯನ್ನೇ ಕೇಳಿ. ನಿಮ್ಮ ಅತ್ತೆಯವರಂಥ ಹಿರಿಯರ ಹೇಳಿಕೆಯನ್ನು ಅಫಿಡವಿಟ್ ರೂಪದಲ್ಲಿ ಈಗಲೇ ಮಾಡಿಸಿಡುವುದು ಕ್ಷೇಮ. ಹಿಂದೆ ಯಾವಾಗಲಾದರೂ ಅಲ್ಲಿ ಗೇಟು ಇತ್ತೇ, ಮಾಲೀಕರು ದಾರಿ ಮುಚ್ಚಿದ್ದುಂಟೇ ಎಂದು ಅವರನ್ನೇ ವಿಚಾರಿಸಿ. ಹಾಗೆ ಮುಚ್ಚಿದ್ದರೆ ನಿಮ್ಮ ವಾದ ದುರ್ಬಲವಾಗುತ್ತದೆ, ಅದನ್ನು ಮೊದಲೇ ತಿಳಿದಿರಬೇಕು.

ಗೇಟಿಗೆ ಬೀಗ ಬೀಳುವ ಮೊದಲೇ ನಿಮ್ಮ ಭಾಗದ ಪಾಲಿಕೆ ಕಚೇರಿಯಾದ ಜಿ ಉತ್ತರ ವಾರ್ಡ್ ಕಚೇರಿಯ ಸಹಾಯಕ ಆಯುಕ್ತರಿಗೆ ಚಾಳಿನವರೆಲ್ಲರ ಸಹಿಯೊಂದಿಗೆ ಲಿಖಿತ ದೂರು ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಪಾಲಿಕೆಯ ಸಹಾಯವಾಣಿ 1916ಕ್ಕೆ ಫೋನ್ ಮಾಡಬಹುದು, ಆದರೆ ಮುಂದೆ ಕೋರ್ಟಿನಲ್ಲಿ ನಿಮಗೆ ನೆರವಾಗುವುದು ಮುದ್ರೆ ಬಿದ್ದ ಕಾಗದ. ಬೆಂಕಿ ಬಿದ್ದಾಗ ಜನ ಹೊರಬರಲು ಇದೂ ಒಂದು ದಾರಿಯಾಗಿದ್ದರೆ ಅಗ್ನಿಶಾಮಕ ದಳಕ್ಕೂ ಒಂದು ಪ್ರತಿ ಕಳಿಸಿ. ಪಾಲಿಕೆ ಕದಲದಿದ್ದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 91ನೆಯ ಕಲಮಿನಂತೆ ಇಬ್ಬರು ನಾಗರಿಕರು ಸೇರಿ, ಕೋರ್ಟಿನ ಅನುಮತಿ ಪಡೆದು, ಸಾರ್ವಜನಿಕ ಅಡಚಣೆಯ ವಿರುದ್ಧ ದಾವೆ ಹೂಡಬಹುದು.

ಗೊಂಬೆಗಳ ಮತ್ತು ಬುಟ್ಟಿಗಳ ವಿಷಯವನ್ನು ಗೇಟಿನ ದೂರಿನಲ್ಲಿ ಬೆರೆಸಬೇಡಿ. ಅಂಗಡಿಯಿದ್ದೂ ಹೊರಗೆ ಗೊಂಬೆ ನಿಲ್ಲಿಸುವವರ ಮೇಲೆ ನೇರವಾಗಿ ದೂರು ಕೊಡಿ. ಅದಕ್ಕೆ ಯಾವ ಸಮರ್ಥನೆಯೂ ಇಲ್ಲ. ಫೇರಿವಾಲರದು ಹೊಟ್ಟೆಪಾಡು, ಅವರಿಗೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ರಕ್ಷಣೆಯೂ ಇದೆ. ಆದರೂ 2017ರ ಸೆಪ್ಟೆಂಬರ್ 29ರಂದು, ದಾದರಿನ ಪಕ್ಕದ ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಇಕ್ಕಟ್ಟಾದ ಪಾದಚಾರಿ ಸೇತುವೆಯಲ್ಲಿ ನೂಕುನುಗ್ಗಲಿಗೆ 23 ಜನ ಸತ್ತದ್ದನ್ನು ಮರೆಯುವಂತಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಬಾಂಬೆ ಹೈಕೋರ್ಟು ಸ್ಟೇಷನ್ನಿನಿಂದ 150 ಮೀಟರಿನೊಳಗೆ ಫೇರಿವಾಲರು ಕೂರಬಾರದೆಂದು ಹೇಳಿತು. ನಿಮ್ಮ ಗಲ್ಲಿ ಆ ಅಳತೆಯೊಳಗಿದ್ದರೆ ಮೊದಲು ಅವರೊಡನೆಯೇ ಮಾತನಾಡಿ ನೋಡಿ. ದಿನವೂ ಮುಖ ನೋಡುವ ಜನ, ಗಲ್ಲಿಗೆ ಬೀಗ ಬಿದ್ದರೆ ಅವರ ವ್ಯಾಪಾರವೂ ನಿಲ್ಲುತ್ತದೆ. ಬುಟ್ಟಿಗಳನ್ನು ಗಲ್ಲಿಯ ಬಾಯಿಯಿಂದ ಹೊರಗೆ ಸರಿಸಿಕೊಳ್ಳಲು ಒಪ್ಪಿದರೆ, 20 ವರ್ಷದ ಓಡಾಟಕ್ಕೆ ಸಾಕ್ಷಿ ಹೇಳಲು ಅವರಲ್ಲೇ ಹಳಬರು ಸಿಗಬಹುದು.