ಐನೂರು ಎಲೆ ಊಟವೋ, ಒಂದು ಫ್ಲಾಸ್ಕ್ ಗಂಜಿಯೋ?

ಓದುಗರ ಪತ್ರ: ನಮಸ್ಕಾರ ಸರ್. ನಮ್ಮೂರು ಮೂಡಿಗೆರೆ ಹತ್ತಿರ, ಕೆಲಸ ಹಾಸನದಲ್ಲಿ. ಮುಂದಿನ ತಿಂಗಳು ಅಪ್ಪನ ವರ್ಷದ ತಿಥಿ. ಊರಿನ ಐನೂರು ಜನಕ್ಕೆ ಊಟ ಹಾಕಿಸಲೇಬೇಕು ಅಂತ ಅಣ್ಣ ಹಟ ಹಿಡಿದಿದ್ದಾನೆ. ಆ ದುಡ್ಡು ಯಾವುದಾದರೂ ಆಶ್ರಮಕ್ಕೆ ಹೋಗಲಿ ಅಂತ ನನ್ನ ಆಸೆ. ಅಮ್ಮ ಇಬ್ಬರ ಮಧ್ಯೆ ಸಿಕ್ಕಿಕೊಂಡಿದ್ದಾರೆ. ಯಾರನ್ನು ನಂಬಬೇಕೋ ಗೊತ್ತಾಗುತ್ತಿಲ್ಲ. ಇಎಂಐ ಕಟ್ಟಿ ಉಳಿಯೋದು ಅಷ್ಟಕ್ಕಷ್ಟೇ. ನನ್ನಂಥವಳು ತಿಂಗಳಿಗೆ ಐನೂರು ರೂಪಾಯಿ ಕೊಟ್ಟರೆ ಏನಾದರೂ ಆಗುತ್ತಾ? ಅಪ್ಪ ದೊಡ್ಡ ದಾನಿ ಏನಲ್ಲ. ಸಂತೆಗೆ ಹೋದಾಗಲೆಲ್ಲ ಆಸ್ಪತ್ರೆಯಲ್ಲಿ ನಮ್ಮೂರಿನವರು ಯಾರಾದರೂ ಇದ್ದಾರಾ ಅಂತ ವಿಚಾರಿಸಿ, ಒಂದು ಫ್ಲಾಸ್ಕ್ ಗಂಜಿ ಕೊಟ್ಟು ಬರುತ್ತಿದ್ದರು, ಅಷ್ಟೇ. ದಯವಿಟ್ಟು ಹೆಸರು ಹಾಕಬೇಡಿ.

ಸಂಪಾದಕರ ಉತ್ತರ:

ನಮಸ್ಕಾರ ಅಮ್ಮಾ. ಹೆಸರು ಹಾಕಿಲ್ಲ.

ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಮೂರ್ನಾಲ್ಕು ಇವೆ. ಉತ್ತರ ಮಾತ್ರ ನೀವೇ ಬರೆದಿದ್ದೀರಿ, ಕೊನೆಯ ಸಾಲುಗಳಲ್ಲಿ, ಅದೂ "ಅಷ್ಟೇ" ಅಂತ ಸೇರಿಸಿ. ಅಪ್ಪ ದೊಡ್ಡ ದಾನಿ ಅಲ್ಲ ಅಂತ ನೀವು ಹೇಳೋದನ್ನು ನಾನು ಒಪ್ಪುವುದಿಲ್ಲ. ಸಂತೆಯ ಗಡಿಬಿಡಿಯಲ್ಲಿ ಆಸ್ಪತ್ರೆ ತನಕ ನಡೆದು, ವಾರ್ಡಿನಲ್ಲಿ ವಿಚಾರಿಸಿ, ಬಿಸಿ ಗಂಜಿ ಕೈಗೆ ಕೊಟ್ಟು ಬರುವುದು ಸಣ್ಣ ಕೆಲಸ ಅಲ್ಲ. ಯಾರಿಗೆ ಬೇಕು ಅಂತ ತಿಳಿದುಕೊಂಡು, ಬೇಕಾದ್ದನ್ನೇ, ಬೇಕಾದ ಹೊತ್ತಿಗೆ ಕೊಟ್ಟರು. ಬಿಡದೆ ಕೊಟ್ಟರು. ದೊಡ್ಡ ದೊಡ್ಡ ಟ್ರಸ್ಟ್‌ಗಳು ಇಷ್ಟನ್ನು ಕಲಿಯೋಕೆ ವರ್ಷಗಟ್ಟಲೆ ತಗೊಳ್ಳುತ್ತವೆ. ಹಾಗಾಗಿ ನಾನು ಹೇಳೋದು ಇಷ್ಟೇ: ಹೋದವರ ನೆನಪಿಗೆ ಏನು ಮಾಡಬೇಕು ಅಂತ ಹೊರಗೆ ಹುಡುಕಬೇಡಿ, ಅವರು ಇದ್ದಾಗ ಏನು ಮಾಡುತ್ತಿದ್ದರೋ ಅದನ್ನೇ ಮುಂದುವರಿಸಿ.

ಇದನ್ನು ಸುಮ್ನೆ ಹೇಳುತ್ತಿಲ್ಲ. ನೀವು ಹಾಸನದಲ್ಲೇ ಇದ್ದೀರಲ್ಲ, ಒಂದು ಸಂಜೆ ಹಿಮ್ಸ್ ಆಸ್ಪತ್ರೆ ಕಡೆ ಹೋಗಿ ನೋಡಿ. ಸಕಲೇಶಪುರ, ಅರಕಲಗೂಡು, ಬೇಲೂರು ಕಡೆಯಿಂದ ರೋಗಿಗಳ ಜೊತೆ ಬಂದವರು ಕಾರಿಡಾರಿನಲ್ಲಿ, ಮರದ ಕೆಳಗೆ ಚೀಲ ಇಟ್ಟುಕೊಂಡು ಕೂತಿರುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ರೋಗಿಗೆ ಊಟ ಸಿಗುತ್ತೆ. ಜೊತೆಗಿರುವವರು ತಮ್ಮದನ್ನು ತಾವೇ ನೋಡಿಕೊಳ್ಳಬೇಕು. ಕೂಲಿ ಬಿಟ್ಟು ಬಂದ ಹೆಂಗಸು ದಿನಕ್ಕೆ ಮೂರು ಹೊತ್ತು ಹೋಟೆಲಿನಲ್ಲಿ ತಿನ್ನೋಕಾಗುತ್ತಾ? ಮಧ್ಯಾಹ್ನ ಒಂದು ಬನ್ನು, ಒಂದು ಟೀ, ರಾತ್ರಿಗೆ ರೋಗಿ ಬಿಟ್ಟ ಅನ್ನ. ನಿಮ್ಮ ಅಪ್ಪನಿಗೆ ಇದು ಗೊತ್ತಿತ್ತು ಅಂತ ನನಗೆ ಅನ್ನಿಸುತ್ತೆ. ತಿಂಗಳಿಗೆ ಐನೂರು ರೂಪಾಯಿಂದ ಏನಾಗುತ್ತೆ ಅಂತ ಕೇಳಿದಿರಿ. ಇಂದಿರಾ ಕ್ಯಾಂಟೀನಿನಲ್ಲಿ ಊಟ 10 ರೂಪಾಯಿ. ಐವತ್ತು ಊಟ ಆಗುತ್ತೆ.

ಈಗ ನಿಮ್ಮ ಅಣ್ಣನ ವಿಷಯ. ಅವರನ್ನು ತಪ್ಪು ತಿಳಿಯಬೇಡಿ. ತಿಥಿ ಊಟ ಅಂದರೆ ಬರೀ ದುಡ್ಡು ಹಾಳು ಅನ್ನುವವರ ಪೈಕಿ ನಾನಲ್ಲ. ಅಪ್ಪ ಹೋದ ದಿನ ತೋಟದ ಕೆಲಸ ಬಿಟ್ಟು ಬಂದು ಹೆಗಲು ಕೊಟ್ಟವರು, ರಾತ್ರಿ ಅಮ್ಮನ ಹತ್ತಿರ ಕೂತವರು, ಅವರೆಲ್ಲ ಒಂದು ಹೊತ್ತು ಮನೆಗೆ ಬಂದು ಉಂಡು ಹೋಗಬೇಕು ಅಂತ ಮನೆ ಮಗ ಬಯಸೋದು ಸಹಜ ತಾನೇ? ನಮ್ಮ ಮಲೆನಾಡಲ್ಲಿ ಅನ್ನ ಹಾಕುವುದು ದೊಡ್ಡ ಮಾತು. ಹೊರನಾಡು ಅನ್ನಪೂರ್ಣೇಶ್ವರಿಗೆ ಹೋದವರನ್ನು ಊಟ ಮಾಡಿಸದೆ ಕಳಿಸೋದಿಲ್ಲ. ಆದರೆ ಹೆಗಲು ಕೊಟ್ಟವರು ಐನೂರು ಜನ ಇರುವುದಿಲ್ಲ. ನೂರು ಜನ ಇರಬಹುದು. ಉಳಿದ ನಾನೂರು ಎಲೆ ಊರವರು ಏನಂದುಕೊಳ್ಳುತ್ತಾರೋ ಅನ್ನೋದಕ್ಕೆ. ಅಣ್ಣನ ಹತ್ತಿರ ಜಗಳ ಮಾಡದೆ, ಆ ನೂರು ಜನರ ಹೆಸರನ್ನು ಅಮ್ಮನ ಹತ್ತಿರ ಕೂತು ಇಬ್ಬರೂ ಸೇರಿ ಬರೆಯಿರಿ. ಅಮ್ಮನಿಗೆ ಯಾರ್ಯಾರು ಬೇಕೋ ಅವರು ಬರಲಿ. ಎಲೆಗೆ 200 ರೂಪಾಯಿ ಅಂತ ಹಿಡಿದರೂ ಐನೂರು ಜನಕ್ಕೆ ಒಂದು ಲಕ್ಷ, ನೂರು ಜನಕ್ಕೆ 20 ಸಾವಿರ. ಉಳಿಯುವುದು 80 ಸಾವಿರ.

ಅದನ್ನು ಏನು ಮಾಡೋದು? ತುಂಬಾ ಜನ ಇಲ್ಲಿ ಶಾಶ್ವತವಾಗಿ ಏನಾದರೂ ಇರಲಿ ಅಂತ ಯೋಚಿಸುತ್ತಾರೆ. ನಮ್ಮ ಹಾಸನ ಜಿಲ್ಲೆಯಲ್ಲಿ ಈ ಆಸೆಗೆ ಎಷ್ಟು ಹಳೆಯ ಸಾಕ್ಷಿ ಇದೆ ಅಂದರೆ, ಶ್ರವಣಬೆಳಗೊಳದಲ್ಲಿರುವ ಐನೂರಕ್ಕೂ ಹೆಚ್ಚು ಶಾಸನಗಳಲ್ಲಿ ಬಹಳಷ್ಟು ಕೊಟ್ಟವರ, ಹೋದವರ ಕಥೆಗಳೇ. ಅಲ್ಲಿನ ಚಿಕ್ಕಬೆಟ್ಟದ ಕತ್ತಲೆ ಬಸದಿಯನ್ನು ಹೊಯ್ಸಳ ದೊರೆ ವಿಷ್ಣುವರ್ಧನನ ದಂಡನಾಯಕ ಗಂಗರಾಜ 1118ರ ಸುಮಾರಿಗೆ ಕಟ್ಟಿಸಿದ್ದು ತನ್ನ ತಾಯಿ ಪೋಚವ್ವೆಗಾಗಿ. ದಂಡನಾಯಕರು ಮಾತ್ರ ಅಲ್ಲ, ಸಾಮಾನ್ಯ ಜನರೂ ಕೊಟ್ಟಿದ್ದಾರೆ. ಒಂದಷ್ಟು ಗದ್ಯಾಣ (ಆಗಿನ ಚಿನ್ನದ ನಾಣ್ಯ) ಹೊನ್ನನ್ನು ಇಟ್ಟು, ಅದರ ಬಡ್ಡಿಯಿಂದ ದಿನಾ ಗೊಮ್ಮಟನ ಅಭಿಷೇಕಕ್ಕೆ ಹಾಲು ಕೊಡಬೇಕು ಅಂತ ಬರೆಸಿದ್ದಾರೆ. ಅಸಲು ಮುಟ್ಟದೆ ಬಡ್ಡಿಯಲ್ಲಿ ಧರ್ಮ ನಡೆಸುವುದು ಆಗಲೇ ಗೊತ್ತಿತ್ತು. ಈ ಧರ್ಮ ಕೆಡಿಸಿದವರು ವಾರಣಾಸಿಯಲ್ಲಿ ಕಪಿಲೆ ಹಸುವನ್ನು ಕೊಂದ ಪಾಪಕ್ಕೆ ಹೋಗಲಿ ಅಂತ ಕೊನೆಗೆ ಶಾಪವನ್ನೂ ಹಾಕುತ್ತಿದ್ದರು. ಯಾರಾದರೂ ಕೆಡಿಸುತ್ತಾರೆ ಅನ್ನೋ ಭಯ ಅವರಿಗೂ ಇತ್ತು, ನೋಡಿ.

ಇವತ್ತು ಶಾಲೆ, ಕಾಲೇಜು, ಸಾಹಿತ್ಯ ಪರಿಷತ್ತುಗಳಲ್ಲಿ ಇರುವ ದತ್ತಿಗಳೂ ಇದೇ ಜಾತಿಯವು. ಅಪ್ಪನ ಹೆಸರಲ್ಲಿ ಒಂದು ಮೊತ್ತ ಇಟ್ಟರೆ ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ, ಇಲ್ಲವೇ ಹತ್ತನೇ ಕ್ಲಾಸಿನಲ್ಲಿ ಹೆಚ್ಚು ಅಂಕ ತೆಗೆದವರಿಗೆ ಬಹುಮಾನ. ಒಳ್ಳೆಯದೇ. ಆದರೆ ಸಾವಿರ ರೂಪಾಯಿ ದೊಡ್ಡ ಮೊತ್ತವಾಗಿದ್ದ ಕಾಲದಲ್ಲಿ ಯಾರೋ ಪುಣ್ಯಾತ್ಮರು ಇಟ್ಟ ದತ್ತಿಗೆ ಈಗ ವರ್ಷಕ್ಕೆ ಬರುವ ಬಡ್ಡಿ 60, 70 ರೂಪಾಯಿ. ಅದರಲ್ಲಿ ಒಂದು ಒಳ್ಳೆ ಪೆನ್ನೂ ಬರುವುದಿಲ್ಲ. ಹೆಸರು ಶಾಶ್ವತ ಆಯಿತು, ಕೆಲಸ ನಿಂತುಹೋಯಿತು.

ಅದಕ್ಕೇ ನನ್ನ ಸಲಹೆ ಬೇರೆ. ಶಾಶ್ವತ ಅನ್ನೋದನ್ನು ಬಿಡಿ, ಹತ್ತು ವರ್ಷ ಅಂತ ಇಟ್ಟುಕೊಳ್ಳಿ. 80 ಸಾವಿರವನ್ನು ಬ್ಯಾಂಕಿನಲ್ಲಿ ಇಡಿ, ವರ್ಷಕ್ಕೆ ಹತ್ತು ಸಾವಿರದಂತೆ ಅಸಲು ಬಡ್ಡಿ ಎರಡೂ ಸೇರಿಸಿ ಖರ್ಚು ಮಾಡಿ. ಹತ್ತು ವರ್ಷದ ಹತ್ತಿರ ಬರುತ್ತೆ. ಹತ್ತು ಸಾವಿರಕ್ಕೆ ಏನಾಗುತ್ತೆ ಅಂತೀರಾ? ನಿಮ್ಮೂರಿನ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಎಷ್ಟು ಮಕ್ಕಳಿದ್ದಾರೆ ಕೇಳಿ. ಮಲೆನಾಡಿನ ಎಷ್ಟೋ ಶಾಲೆಗಳಲ್ಲಿ ಇಪ್ಪತ್ತು ದಾಟುವುದಿಲ್ಲ. ಅವರಲ್ಲಿ ಬಹಳ ಜನ ತೋಟದ ಲೈನ್ ಮನೆಗಳಲ್ಲಿರುವ ಕೂಲಿಯವರ ಮಕ್ಕಳು. ಪಠ್ಯಪುಸ್ತಕ, ಸಮವಸ್ತ್ರ ಸರ್ಕಾರ ಕೊಡುತ್ತೆ, ಬಿಸಿಯೂಟ ಇದೆ. ನೋಟ್‌ಬುಕ್ ಎಷ್ಟೋ ಕಡೆ ಮನೆಯವರೇ ತರಬೇಕಾಗುತ್ತೆ. ಮೂಡಿಗೆರೆ ಮಳೆ ನಿಮಗೆ ನಾನು ಹೇಳಬೇಕಾಗಿಲ್ಲ. ಜೂನ್ ಬಂತು ಅಂದರೆ ಛತ್ರಿ ಇಲ್ಲದ ಮಗು ಪ್ಲಾಸ್ಟಿಕ್ ಚೀಲ ಕೊಪ್ಪೆ ಮಾಡಿಕೊಂಡು ಬರುತ್ತೆ, ಇಲ್ಲ ಶಾಲೆಗೇ ಬರುವುದಿಲ್ಲ. ಮಗುವಿಗೆ ಐನೂರು ರೂಪಾಯಿ ಅಂತ ಇಟ್ಟರೆ ಒಂದು ಗಟ್ಟಿ ಛತ್ರಿ, ಒಂದು ಕಟ್ಟು ನೋಟ್‌ಬುಕ್. ಇಪ್ಪತ್ತು ಮಕ್ಕಳಿಗೆ ಹತ್ತು ಸಾವಿರ. ಕೊಡುವ ಮುಂಚೆ ಮೇಷ್ಟ್ರನ್ನೋ ಶಾಲೆಯ ಸಮಿತಿಯಾದ ಎಸ್‌ಡಿಎಂಸಿಯವರನ್ನೋ ಒಂದು ಮಾತು ಕೇಳಿ, ಬೇರೆ ಯಾರಾದರೂ ಆಗಲೇ ಕೊಟ್ಟಿದ್ದರೆ ಅದೇ ದುಡ್ಡು ಬೇರೆಯದಕ್ಕೆ ಆಗುತ್ತೆ. ಆಮೇಲೆ ದಯವಿಟ್ಟು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಛತ್ರಿ ಹಿಡಿಸಿ ಫೋಟೋ ತೆಗೆಯಬೇಡಿ. ಅದು ನನಗೆ ನಿಜಕ್ಕೂ ಬೇಜಾರಾಗುವ ವಿಷಯ. ಪಡೆಯುವಾಗ ತಲೆ ತಗ್ಗಿಸಿದ ಮಗು ಅದನ್ನು ದೊಡ್ಡವನಾದ ಮೇಲೂ ಮರೆಯುವುದಿಲ್ಲ.

ಆಶ್ರಮಕ್ಕೇ ಕೊಡಬೇಕು ಅನ್ನಿಸಿದರೆ ಅದೂ ಸರಿ. ಮೊದಲು ಫೋನ್ ಮಾಡಿ ಹೋಗಿ, ಎರಡನೇ ಸಲ ಹೇಳದೆ ಮಧ್ಯಾಹ್ನದ ಊಟದ ಹೊತ್ತಿಗೆ ಹೋಗಿ. ತಟ್ಟೆಯಲ್ಲಿ ಏನಿದೆ, ಹಾಸಿಗೆಯ ವಾಸನೆ ಹೇಗಿದೆ, ಅಲ್ಲಿರುವ ಅಜ್ಜಿಯರು ಆಯಾಗಳ ಜೊತೆ ಹೇಗೆ ಮಾತಾಡುತ್ತಾರೆ, ಇಷ್ಟು ನೋಡಿದರೆ ಅರ್ಧ ಗೊತ್ತಾಗುತ್ತೆ. ಟ್ರಸ್ಟಿನ ಹೆಸರಲ್ಲೇ ಬ್ಯಾಂಕ್ ಖಾತೆ ಇದೆಯಾ, ಪ್ಯಾನ್ ನಂಬರ್ ಇರುವ ರಸೀದಿ ಕೊಡುತ್ತಾರಾ, ಆಡಿಟ್ ಆದ ಲೆಕ್ಕ ತೋರಿಸುತ್ತಾರಾ ಕೇಳಿ. ಸರಿಯಾಗಿ ನಡೆಸುವವರು ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ. ಯಾರದೋ ಸ್ವಂತ ನಂಬರಿಗೆ ಫೋನ್‌ಪೇ ಮಾಡಿ ಅಂದರೆ ಕೈ ಹಿಂದೆ ತಗೊಳ್ಳಿ. ವಾಟ್ಸಾಪಿನಲ್ಲಿ ಬರುವ ಕಾಯಿಲೆ ಬಿದ್ದ ಮಗುವಿನ ಫೋಟೋ, ಕೆಳಗೊಂದು ಕ್ಯೂಆರ್ ಕೋಡ್, ಅದನ್ನಂತೂ ಆಸ್ಪತ್ರೆಗೆ ಫೋನ್ ಮಾಡಿ ವಿಚಾರಿಸದೆ ನಂಬಬೇಡಿ.

ಇನ್ನು "ನಾನು ಕೊಟ್ಟಿದ್ದು ಪೂರ್ತಿ ವೃದ್ಧರಿಗೇ ಹೋಗಬೇಕು, ಸಂಬಳಕ್ಕೆ ಹೋಗಬಾರದು" ಅನ್ನುವ ಮಾತು ನಮ್ಮ ಪತ್ರಿಕೆಗೆ ಬರುವ ಪತ್ರಗಳಲ್ಲಿ ಮತ್ತೆ ಮತ್ತೆ ಕಾಣುತ್ತೆ. ಇದನ್ನು ಸ್ವಲ್ಪ ಬಿಡಿಸಿ ನೋಡೋಣ. ಪಾರ್ಶ್ವವಾಯು ಬಡಿದ ಎಪ್ಪತ್ತು ಕೆಜಿ ತೂಕದ ಅಜ್ಜನನ್ನು ಬೆನ್ನು ಹುಣ್ಣಾಗದ ಹಾಗೆ ಎರಡೆರಡು ಗಂಟೆಗೆ ಮಗ್ಗುಲು ಬದಲಿಸಬೇಕು. ರಾತ್ರಿ ಎರಡು ಗಂಟೆಗೂ ಬದಲಿಸಬೇಕು. ಡಯಾಪರ್ ಬಿಚ್ಚಿ, ಒರೆಸಿ, ಪೌಡರ್ ಹಾಕಿ, ಬಟ್ಟೆ ತೊಡಿಸಬೇಕು. ಇದನ್ನು ಮಾಡುವವಳು ಒಬ್ಬ ಆಯಾ. ಅವಳಿಗೂ ಮನೆ ಇದೆ, ಮಕ್ಕಳಿದ್ದಾರೆ. ಅವಳ ಸಂಬಳವೇ ಆ ಅಜ್ಜನಿಗೆ ಸಿಗುವ ಸೇವೆ. ಅದು ಬೇಡ, ಬರೀ ಜಿಲೇಬಿ ಕೊಡುತ್ತೇನೆ ಅಂದರೆ? ಹಬ್ಬ, ಹುಟ್ಟುಹಬ್ಬದ ದಿನ ಆಶ್ರಮಗಳಿಗೆ ಸಿಹಿ, ಹಣ್ಣು ಬಂದು ಬೀಳುತ್ತೆ, ಅದರಲ್ಲಿ ಸಕ್ಕರೆ ಕಾಯಿಲೆ ಇರುವವರು ತಿನ್ನುವ ಹಾಗಿಲ್ಲ. ತಿಂಗಳ ಕೊನೆಗೆ ಕರೆಂಟ್ ಬಿಲ್, ಗ್ಯಾಸ್ ಸಿಲಿಂಡರ್, ಬಿಪಿ ಮಾತ್ರೆ, ದೊಡ್ಡವರ ಡಯಾಪರ್‌ಗೆ ದುಡ್ಡು ಹೊಂದಿಸಲು ಪರದಾಡುತ್ತಾರೆ. ಇಂಥ ಕಡೆ ನಿಮ್ಮ ಐನೂರು ರೂಪಾಯಿ ತಿಂಗಳು ತಿಂಗಳು ಐದನೇ ತಾರೀಖಿಗೆ ತಾನಾಗೇ ಹೋಗುವ ಹಾಗೆ ಬ್ಯಾಂಕಿನಲ್ಲಿ ಹೇಳಿಬಿಟ್ಟರೆ, ಒಂದೇ ಸಲ ಬರುವ ಹತ್ತು ಸಾವಿರಕ್ಕಿಂತ ಅದೇ ಮೇಲು. ಬರುತ್ತೆ ಅಂತ ಗೊತ್ತಿರುವ ದುಡ್ಡಿನ ಮೇಲೆ ಅವರು ಒಬ್ಬ ಆಯಾಳನ್ನು ಕೆಲಸಕ್ಕೆ ಇಟ್ಟುಕೊಳ್ಳಬಹುದು.

ಹಿಂದೆ ಮನೆಗಳಲ್ಲಿ ಅನ್ನಕ್ಕಿಡುವ ಮುಂಚೆ ಒಂದು ಮುಷ್ಟಿ ಅಕ್ಕಿ ಬೇರೆ ಡಬ್ಬಕ್ಕೆ ಹಾಕುತ್ತಿದ್ದರು, ಅಂಥ ಅಕ್ಕಿಯಿಂದ ಉಚಿತ ಹಾಸ್ಟೆಲ್‌ಗಳು ನಡೆದಿವೆ. ದಿನಕ್ಕೊಂದು ಮನೆಯಂತೆ ವಾರಾನ್ನ ಉಂಡು ಓದಿದ ಹಿರಿಯರು ಈಗಲೂ ನಮ್ಮ ನಡುವೆ ಇದ್ದಾರೆ. ಆ ಮನೆಗಳು ಶ್ರೀಮಂತರ ಮನೆಗಳೇನಲ್ಲ.

ತೆರಿಗೆ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ದಾನ ಕೊಟ್ಟಿದ್ದಕ್ಕೆ ಸಿಗುವ, 80ಜಿ ಅಂತ ನಾವೆಲ್ಲ ಕರೆಯುವ ತೆರಿಗೆ ರಿಯಾಯಿತಿ ಹಳೆ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಅದಕ್ಕೆ ಸಿಗುವುದಿಲ್ಲ, ಅಕ್ಕಿ ಬಟ್ಟೆ ಕೊಟ್ಟರೂ ಇಲ್ಲ. ಛತ್ರಿಗೂ ಗಂಜಿಗೂ ಯಾವ ರಿಯಾಯಿತಿಯೂ ಇಲ್ಲ. ಇದನ್ನು ನೋಡಿಕೊಂಡು ಯಾರಿಗೆ ಕೊಡಬೇಕು ಅಂತ ತೀರ್ಮಾನ ಮಾಡಬೇಡಿ.

ದುಡ್ಡಿಲ್ಲದ ತಿಂಗಳೂ ಬರುತ್ತೆ. ಆಗ ರಕ್ತ ಇದೆ. 18ರಿಂದ 65 ವರ್ಷದೊಳಗಿದ್ದು, ತೂಕ 45 ಕೆಜಿ ದಾಟಿ, ಹಿಮೋಗ್ಲೋಬಿನ್ 12.5 ಇದ್ದರೆ ಕೊಡಬಹುದು. ಗಂಡಸರು ಮೂರು ತಿಂಗಳಿಗೆ, ಹೆಂಗಸರು ನಾಲ್ಕು ತಿಂಗಳಿಗೆ ಒಂದು ಸಲ. ಏಪ್ರಿಲ್, ಮೇನಲ್ಲಿ ಕಾಲೇಜುಗಳಿಗೆ ರಜೆ, ಶಿಬಿರಗಳು ನಿಲ್ಲುತ್ತವೆ, ರಕ್ತಕ್ಕೆ ಕೊರತೆ ಬೀಳುತ್ತೆ. ಥಲಸ್ಸೀಮಿಯಾ ಅನ್ನುವ ರಕ್ತದ ಕಾಯಿಲೆ ಇರುವ ಮಗುವಿಗೆ ಎರಡು ಮೂರು ವಾರಕ್ಕೊಮ್ಮೆ ರಕ್ತ ಬೇಕು, ಅದಕ್ಕೆ ಬೇಸಿಗೆ ರಜೆ ಇಲ್ಲ. ನಿಮ್ಮ ಅಣ್ಣ ಗಟ್ಟಿ ಆಳು ಇರಬೇಕು, ಅವರನ್ನೂ ಕರೆದುಕೊಂಡು ಮೇ ತಿಂಗಳಲ್ಲಿ ಹೋಗಿ ಬನ್ನಿ. ಅಪ್ಪನ ಹೆಸರಲ್ಲಿ ಜೊತೆಯಾಗಿ ಮಾಡುವ ಕೆಲಸ ಒಂದಾದರೂ ಇರಲಿ.

ಕಣ್ಣಿನ ವಿಷಯವನ್ನೂ ಮನೆಯಲ್ಲಿ ಮಾತಾಡಿ, ಕಷ್ಟವಾದರೂ ಮಾತಾಡಿ. 2006ರಲ್ಲಿ ರಾಜ್‌ಕುಮಾರ್, 2021ರಲ್ಲಿ ಪುನೀತ್, ಇಬ್ಬರ ಮನೆಯವರೂ ಅಂಥ ದುಃಖದಲ್ಲೂ ಕಣ್ಣು ಕೊಟ್ಟರು. ಉಸಿರು ನಿಂತ ಆರು ಗಂಟೆಯೊಳಗೆ ತೆಗೆಯಬೇಕು. ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ತಲೆ ಕೆಳಗೆ ದಿಂಬು ಕೊಟ್ಟು ನೇತ್ರ ಬ್ಯಾಂಕಿಗೆ ಫೋನ್ ಮಾಡಬೇಕು. ಆ ಹೊತ್ತಿನಲ್ಲಿ ಯಾರಿಗೂ ಇದು ಹೊಳೆಯುವುದಿಲ್ಲ. ಮೊದಲೇ ಮಾತಾಡಿಕೊಂಡ ಮನೆಗಳಲ್ಲಿ ಮಾತ್ರ ಆಗುತ್ತೆ.

ಕೊನೆಗೆ ಒಂದು ಕೆಲಸ. ನೀವು ಯಾವುದನ್ನು ಆರಿಸಿದರೂ ತೀರ್ಮಾನ ಅಮ್ಮನದ್ದಾಗಲಿ. ಅಪ್ಪ ಬೇರೆ ಇನ್ನೇನು ಕೊಡುತ್ತಿದ್ದರು, ಯಾರ ಮನೆಗೆ ಹೋಗುತ್ತಿದ್ದರು ಅನ್ನೋದು ಅವರಿಗೇ ಜಾಸ್ತಿ ಗೊತ್ತು. ಆ ಗಂಜಿಯನ್ನು ಬೆಳಿಗ್ಗೆ ಎದ್ದು ಬೇಯಿಸಿ ಫ್ಲಾಸ್ಕಿಗೆ ತುಂಬಿ ಕೊಡುತ್ತಿದ್ದವರು ಅವರೇ ಇರಬೇಕು ಅಲ್ವಾ? ನೀವು ಪತ್ರದಲ್ಲಿ ಅದನ್ನು ಬರೆದಿಲ್ಲ. ಕೇಳಿ ನೋಡಿ.

ಹಾಸನ, ಚಿಕ್ಕಮಗಳೂರು ಕಡೆಯ ಉಳಿದ ಓದುಗರಿಗೂ ಒಂದು ಮಾತು. ನೀವೇ ಹೋಗಿ, ಕಣ್ಣಾರೆ ನೋಡಿ, ಒಂದು ವರ್ಷವಾದರೂ ಕೊಟ್ಟ ಸಂಸ್ಥೆ ಯಾವುದಾದರೂ ಇದ್ದರೆ ಅದರ ಬಗ್ಗೆ ನಮಗೆ ಬರೆಯಿರಿ. ಅಲ್ಲಿ ಈಗ ಯಾವುದು ಬೇಕು, ಯಾವುದು ಬೇಡ ಅನ್ನೋದನ್ನೂ ಕೇಳಿಕೊಂಡು ಬರೆಯಿರಿ. ನಾವೂ ಹೋಗಿ ನೋಡಿ ಬಂದು ಪ್ರಕಟಿಸುತ್ತೇವೆ.

– ಸಂಪಾದಕ