ಯೋಗ, ಧ್ಯಾನದಿಂದಲೇ ಕ್ಯಾನ್ಸರ್ ಗುಣವಾಗುತ್ತದಾ? ಕೀಮೋ ಬಿಡಬಹುದಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. 41 ವರ್ಷ, ಎರಡನೇ ಹಂತದ ಸ್ತನ ಕ್ಯಾನ್ಸರ್, ಆಪರೇಷನ್ ಆಗಿದೆ, ಮುಂದಿನ ವಾರ ಕೀಮೋ ಶುರು. ಆದರೆ ಮನೆಯಲ್ಲಿ ಕೆಲವರು ಅದೆಲ್ಲ ವಿಷ, ಯೋಗ, ಧ್ಯಾನ, ಒಳಗಿನ ಅರಿವು ಇಷ್ಟರಿಂದಲೇ ವಾಸಿಯಾಗುತ್ತದೆ ಅನ್ನುತ್ತಿದ್ದಾರೆ, ಹಾಗೆ ಗುಣವಾದವರು ಯಾರಾದರೂ ಇದ್ದರೆ ಹೇಳಿ ಅಂತ ಕೇಳಿದ್ದೀರಿ. ನಾನು ಇದೇ ಕಾಯಿಲೆಯಿಂದ ಎದ್ದು ಬಂದವಳು. ಯೋಗವನ್ನೂ ಧ್ಯಾನವನ್ನೂ ಅವತ್ತು ಹಿಡಿದದ್ದು ಇವತ್ತಿಗೂ ಬಿಟ್ಟಿಲ್ಲ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ, ಕೀಮೋ ಬಿಡಬೇಡಿ. ನನ್ನ ಗಡ್ಡೆ ತೆಗೆದದ್ದು ಸರ್ಜನ್. ಉಳಿದಿರಬಹುದಾದ ರೋಗಕ್ಕೆ ಕೊಟ್ಟದ್ದು ಔಷಧಿ. ಯೋಗ ಏನು ಕೊಟ್ಟಿತು ಅನ್ನುವುದನ್ನೂ ಬರೆಯುತ್ತೇನೆ, ಅದೇನು ಸಣ್ಣದಲ್ಲ.

ನಮ್ಮದು ಕೊಡಗಿನ ಸೋಮವಾರಪೇಟೆ ಕಡೆ ಸಣ್ಣ ಕಾಫಿ ತೋಟ. 2019ರ ಜನವರಿ, ಕುಯ್ಲು ಜೋರಾಗಿತ್ತು. ಸ್ನಾನ ಮಾಡುವಾಗ ಎಡಗಡೆ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ನೋವಿರಲಿಲ್ಲ, ಹಾಗಾಗಿ ಸುಮ್ಮನಾದೆ. ಕುಯ್ಲು ಮುಗಿಯಲಿ ಅಂದುಕೊಂಡೆ. ಆಮೇಲೆ ಕಣದಲ್ಲಿ ಹರಡಿದ ಕಾಫಿ ಒಣಗಲಿ, ಆಮೇಲೆ ಕಾಳುಮೆಣಸು ಕೊಯ್ದು ಆಗಲಿ, ಆಮೇಲೆ ಹೂಮಳೆ ಒಂದು ಬಂದುಹೋಗಲಿ ಅಂತ ದಿನ ತಳ್ಳಿದೆ. ಹೂಮಳೆ ಬಂತು, ತೋಟವೆಲ್ಲ ಬೆಳ್ಳಗೆ ಹೂ ಬಿಟ್ಟಿತು, ಗಂಟು ಅಲ್ಲೇ ಇತ್ತು, ಇನ್ನೂ ದೊಡ್ಡದಾಗಿ. ಆ ಮೂರೂವರೆ ತಿಂಗಳೂ ರಾತ್ರಿ ಮಲಗಿದರೆ ಕೈ ತಾನಾಗಿ ಅಲ್ಲಿಗೇ ಹೋಗುತ್ತಿತ್ತು. ದೇಹ ದಿನಾ ಹೇಳುತ್ತಿತ್ತು, ನಾನು ಕೇಳಿಸಿಕೊಳ್ಳಲಿಲ್ಲ. ಒಳಗಿನ ಅರಿವು ಅಂತ ನೀವು ಬರೆದಿದ್ದೀರಲ್ಲ, ಅದು ಏನು ಅಂತ ನನಗೆ ಗೊತ್ತಾದದ್ದು ಆ ತಪ್ಪಿನಿಂದ.

ಮೇ ತಿಂಗಳಲ್ಲಿ ಮೈಸೂರಿನಲ್ಲಿ ಆಪರೇಷನ್ ಆಯಿತು. ಕಂಕುಳಿನ ಗ್ರಂಥಿಗಳನ್ನೂ ತೆಗೆದರು. ಜೂನ್‌ನಿಂದ ಕೀಮೋ, 21 ದಿನಕ್ಕೊಂದು, ಒಟ್ಟು ಎಂಟು. ನಮ್ಮಲ್ಲಿ ರೈಲು ಇಲ್ಲ, ಕಾರಿನಲ್ಲೇ ಮೂರು ಗಂಟೆ ದಾರಿ, ಅದೂ ಮಳೆಗಾಲದಲ್ಲಿ.

ಮೊದಲ ನಾಲ್ಕು ಸಲ ಕೊಡುವುದು ಕೆಂಪು ಔಷಧಿ. ಎಲ್ಲರೂ ಅದಕ್ಕೆ ಹೆದರುತ್ತಾರೆ. ಒಂದೆರಡು ದಿನ ಮೂತ್ರ ಕೆಂಪಗೆ ಹೋಗುತ್ತದೆ, ಗಾಬರಿಯಾಗಬೇಡಿ ಅಂತ ನರ್ಸ್ ಹೇಳಿದರು. ನನಗೆ ತಕ್ಷಣ ನೆನಪಾದದ್ದು ಕಕ್ಕಡ 18. ನೀವು ಕೊಡಗಿನವರಲ್ಲದಿದ್ದರೆ ಹೇಳುತ್ತೇನೆ, ನಮ್ಮ ಕಕ್ಕಡ ತಿಂಗಳ ಹದಿನೆಂಟನೇ ದಿನ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಮದ್ದುಸೊಪ್ಪು ಅನ್ನುವ ಕಾಡುಗಿಡದ ಎಲೆಯಲ್ಲಿ ಹದಿನೆಂಟು ಬಗೆಯ ಔಷಧಿ ಸೇರಿರುತ್ತದೆ ಅಂತ ನಂಬಿಕೆ. ಸೊಪ್ಪು ಕುದಿಸಿದ ನೇರಳೆ ಬಣ್ಣದ ನೀರಿನಲ್ಲಿ ಪಾಯಸ ಮಾಡಿ ಉಣ್ಣುತ್ತೇವೆ. ಮಾರನೇ ದಿನ ಮೂತ್ರ ಕೆಂಪಗಾಗುತ್ತದೆ. ಚಿಕ್ಕಂದಿನಲ್ಲಿ ಅದನ್ನು ನೋಡಿ, ಮದ್ದು ಮೈಗೆ ಹತ್ತಿದೆ ಅಂತ ಅಜ್ಜಿ ಖುಷಿಪಡುತ್ತಿದ್ದರು. ಕೀಮೋ ಕುರ್ಚಿಯಲ್ಲಿ ಕೂತು ನಾನು ಅಜ್ಜಿಯ ಆ ಮಾತನ್ನೇ ನೆನೆಸಿಕೊಂಡೆ. ಮದ್ದು ಹತ್ತಲಿ. ಅಷ್ಟು ಅಂದುಕೊಂಡದ್ದೇ ಹಿಡಿದುಕೊಂಡಿದ್ದ ಭುಜ ಸಡಿಲವಾಯಿತು.

ಆ ವರ್ಷ ಮದ್ದುಸೊಪ್ಪಿನ ರಸವನ್ನು ದಿನಾ ಕುಡಿ ಅಂತ ಒಬ್ಬ ಸಂಬಂಧಿಕರು ತಂದುಕೊಟ್ಟಿದ್ದರು. ಪ್ರೀತಿಯಿಂದಲೇ ತಂದದ್ದು. ಡಾಕ್ಟರನ್ನು ಕೇಳಿದೆ. ಕೀಮೋ ಔಷಧಿಯನ್ನು ಅರಗಿಸುವ ಕೆಲಸ ಲಿವರ್ ಮೇಲೆ ಇರುತ್ತದೆ, ಅದರ ಜೊತೆಗೆ ಕಷಾಯ, ರಸ, ಪುಡಿ ಯಾವುದೂ ಬೇಡ ಅಂದರು. ಬಿಟ್ಟೆ. ಪಾಯಸವನ್ನು ಮುಂದಿನ ವರ್ಷ ಉಂಡೆ. ನೀವೂ ಏನೇ ತೆಗೆದುಕೊಳ್ಳುವುದಿದ್ದರೂ, ಮನೆಮದ್ದು ಆಗಿದ್ದರೂ, ಮೊದಲು ಅವರನ್ನು ಕೇಳಿ.

ಈಗ ಯೋಗದ ವಿಷಯ. ನಮ್ಮೂರಲ್ಲಿ ನಿವೃತ್ತ ಟೀಚರ್ ಒಬ್ಬರು ಯೋಗ ಹೇಳಿಕೊಡುತ್ತಾರೆ, ನಾವೆಲ್ಲ ಅಕ್ಕ ಅಂತಲೇ ಕರೆಯುವುದು. ಅವರು ಮಾಡಿದ ಮೊದಲ ಕೆಲಸ ನನ್ನ ಡಿಸ್ಚಾರ್ಜ್ ಕಾಗದ ತರಿಸಿ ಓದಿದ್ದು. ಎರಡನೆಯದು, ಏನು ಮಾಡಬಾರದು ಅಂತ ಡಾಕ್ಟರ ಹತ್ತಿರ ಬರೆಸಿಕೊಂಡು ಬಾ ಅಂದದ್ದು. ಇಂಥವರು ಸಿಕ್ಕಿದರೆ ಬಿಡಬೇಡಿ. ಕೀಮೋ ಮುಗಿಯುವವರೆಗೆ ಕಪಾಲಭಾತಿ ಇಲ್ಲ, ಶೀರ್ಷಾಸನ ಇಲ್ಲ, ಉಪವಾಸ ಇಲ್ಲ. ಮೊದಲ ತಿಂಗಳು ಆಸನವನ್ನೇ ಮಾಡಿಸಲಿಲ್ಲ. ಮಲಗಿ, ಮೊಣಕಾಲ ಕೆಳಗೆ ದಿಂಬು ಇಟ್ಟು, ಹೊಟ್ಟೆ ಮೇಲೆ ಬಲಗೈ, ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ. ಹತ್ತು ನಿಮಿಷ. ಅಷ್ಟೇ. ಉಸಿರು ಬಿಡುವುದು ನಿಧಾನವಾದರೆ ಎದೆಬಡಿತವೂ ಇಳಿಯುತ್ತದೆ, ಇದು ನೀವೇ ನಾಡಿ ಹಿಡಿದು ನೋಡಬಹುದು. ಮಧ್ಯಾಹ್ನ ಯೋಗನಿದ್ರೆ. ಕೈಗೆ ಬೇರೆ ವ್ಯಾಯಾಮ, ಅದನ್ನು ಆಸ್ಪತ್ರೆಯ ಫಿಸಿಯೋ ಹೇಳಿಕೊಟ್ಟದ್ದು, ಬೆರಳುಗಳನ್ನು ಗೋಡೆ ಮೇಲೆ ಒಂದೊಂದೇ ಹತ್ತಿಸುವುದು. ಗೋಡೆಗೆ ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟಿದ್ದೆ. ಜೂನ್ ಗುರುತಿನಿಂದ ಅಕ್ಟೋಬರ್ ಗುರುತಿಗೆ ಒಂದು ಮೊಳಕ್ಕಿಂತ ಜಾಸ್ತಿ ಇದೆ, ಆ ಗೋಡೆಗೆ ಇನ್ನೂ ಸುಣ್ಣ ಬಳಿಸಿಲ್ಲ. ಗ್ರಂಥಿ ತೆಗೆದ ಕಡೆ ಕೈ ಊದಿಕೊಳ್ಳುವ ಭಯ ಇರುತ್ತದೆ, ಆದ್ದರಿಂದ ಆ ಕೈ ಮೇಲೆ ಮೈಭಾರ ಹಾಕುವ ಆಸನ ಬೇಡ ಅಂದಿದ್ದರು. ರೋಗ ಮೂಳೆಗೆ ಹೋಗಿದ್ದವರಂತೂ ಬಗ್ಗುವುದು, ತಿರುಚುವುದು ಕೇಳದೇ ಮಾಡಬಾರದು, ಮೂಳೆ ಮುರಿಯಬಹುದು.

ಧ್ಯಾನ ಅಂದರೆ ಜಗಲಿಯಲ್ಲಿ ಕೂರುವುದು. ಹೆಂಚಿನ ಮೇಲೆ ಮಳೆ, ಬೇರೆ ಯಾವ ಸದ್ದೂ ಇಲ್ಲ. ಕಣ್ಣು ಮುಚ್ಚಿ, ತಲೆಯಿಂದ ಕಾಲಿನವರೆಗೆ ಎಲ್ಲಿ ಬಿಸಿ, ಎಲ್ಲಿ ತಣ್ಣಗೆ, ಎಲ್ಲಿ ಬಿಗಿ, ಸುಮ್ನೆ ಗಮನಿಸುತ್ತಾ ಹೋಗುವುದು. ಸರಿಮಾಡಲು ಹೋಗುವುದಿಲ್ಲ. ಮೊದಲ ವಾರಗಳಲ್ಲಿ ಬರೀ ಅಳು ಬರುತ್ತಿತ್ತು, ಮಗಳ ಮದುವೆ ನೋಡುತ್ತೇನಾ ಅನ್ನುವುದೊಂದೇ ಯೋಚನೆ. ಅಕ್ಕ ಅಳಬೇಡ ಅನ್ನಲಿಲ್ಲ, ಪಕ್ಕದಲ್ಲಿ ಕೂತಿರುತ್ತಿದ್ದರು. ನಿಧಾನಕ್ಕೆ ಅಳು ಬಂದರೆ ಅಳು, ಹೋದರೆ ಹೋಯಿತು ಅನ್ನುವಂತಾಯಿತು. ರಾತ್ರಿ ನಿದ್ದೆ ಬರತೊಡಗಿತು. ವಾಂತಿ, ಸುಸ್ತು, ಬೆರಳು ಜೋಮು ಇವೆಲ್ಲ ಇದ್ದೇ ಇದ್ದವು, ಸುಳ್ಳು ಹೇಳಲಾರೆ.

ಎರಡನೇ ಕೀಮೋ ಆಗಿ ಹತ್ತನೇ ದಿನ. ಜುಲೈ, ಬಿಡದ ಮಳೆ. ಸಂಜೆ ಕೂತಾಗ ತೊಡೆಯ ಹಿಂಭಾಗದಲ್ಲಿ ಒಂದು ಚಳಿ. ಜುಲೈನಲ್ಲಿ ಸೋಮವಾರಪೇಟೆಯಲ್ಲಿ ಯಾರಿಗೆ ಚಳಿ ಇಲ್ಲ ಹೇಳಿ, ಅತ್ತೆ ಇನ್ನೊಂದು ಕಂಬಳಿ ತಂದು ಹೊದಿಸಿದರು. ಆದರೆ ಒಂದೂವರೆ ತಿಂಗಳು ದಿನಾ ಅದೇ ಜಾಗದಲ್ಲಿ ಕೂತು ಅದೇ ಮೈಯನ್ನು ಗಮನಿಸಿದ್ದೆನಲ್ಲ, ಇದು ಮಳೆ ಚಳಿ ಅಲ್ಲ, ಒಳಗಿನಿಂದ ಬರುತ್ತಿದೆ ಅಂತ ಗೊತ್ತಾಯಿತು. ಥರ್ಮಾಮೀಟರ್ ಇಟ್ಟರೆ 100.8. ಕೀಮೋ ಸಮಯದಲ್ಲಿ 100.4 ದಾಟಿದರೆ ಬೆಳಗಿನವರೆಗೆ ಕಾಯಬೇಡಿ ಅಂತ ಮೊದಲೇ ಹೇಳಿದ್ದರು. ಆ ಮಳೆಯಲ್ಲೇ ನನ್ನವರು ಜೀಪು ತೆಗೆದರು, ಮಡಿಕೇರಿಗೆ ಹೋದೆವು. ಸೋಂಕು ತಡೆಯುವ ಬಿಳಿ ರಕ್ತಕಣ ತುಂಬಾ ಇಳಿದಿತ್ತು. ಡ್ರಿಪ್‌ನಲ್ಲಿ ಆಂಟಿಬಯಾಟಿಕ್, ಐದು ದಿನ ಅಡ್ಮಿಟ್. ಬೆಳಗ್ಗೆ ಬಂದಿದ್ದರೆ ಕಷ್ಟವಿತ್ತು ಅಂದರು. ಜನವರಿಯಿಂದ ಮೂರೂವರೆ ತಿಂಗಳು ಸುಮ್ಮನಿದ್ದವಳು ಜುಲೈನಲ್ಲಿ ಅರ್ಧ ಗಂಟೆಯಲ್ಲಿ ಹೊರಟೆ. ಧ್ಯಾನದಿಂದ ನನಗೆ ಬಂದ ಅರಿವು ಇದು, ಅದು ನನ್ನನ್ನು ನೇರ ಆಸ್ಪತ್ರೆಗೆ ಕರೆದುಕೊಂಡು ಹೋಯಿತು.

ನಿಮ್ಮ ಮನೆಯವರು ಯೋಗಗುರು ಬಿ.ಕೆ.ಎಸ್. ಅಯ್ಯಂಗಾರರ ಉದಾಹರಣೆ ಕೊಟ್ಟಿದ್ದಾರೆ ಅಂತ ಬರೆದಿದ್ದೀರಿ. ನಿಜ, 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಅವರು ಚಿಕ್ಕಂದಿನಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲ ಅನುಭವಿಸಿದವರು. ಮೈಸೂರಿನಲ್ಲಿ ಭಾವ ಕೃಷ್ಣಮಾಚಾರ್ಯರ ಹತ್ತಿರ ಯೋಗ ಕಲಿತು ವರ್ಷಗಟ್ಟಲೆ ಅಭ್ಯಾಸ ಮಾಡಿ ಮೈ ಗಟ್ಟಿ ಮಾಡಿಕೊಂಡರು, 95 ವರ್ಷ ಬದುಕಿದರು. ನನಗೂ ಅವರ ಮೇಲೆ ಅಪಾರ ಗೌರವ. ಆದರೆ ಸೋತ ಮೈಗೆ ಬಲ ಬರುವುದು ಬೇರೆ, ಕ್ಯಾನ್ಸರ್ ಕಣ ಸಾಯುವುದು ಬೇರೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯರು 2018ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವನ್ನು ಮಗಳು ಓದಿ ಹೇಳಿದಳು. ಆಸ್ಪತ್ರೆಯ ಚಿಕಿತ್ಸೆ ಬಿಟ್ಟು ಬರೀ ಬದಲಿ ಪದ್ಧತಿ ಹಿಡಿದ 281 ಕ್ಯಾನ್ಸರ್ ರೋಗಿಗಳನ್ನು ಚಿಕಿತ್ಸೆ ತೆಗೆದುಕೊಂಡವರ ಜೊತೆ ಹೋಲಿಸಿದ್ದಾರೆ. ಸ್ತನ ಕ್ಯಾನ್ಸರ್‌ನವರಲ್ಲಿ ಸಾವಿನ ಅಪಾಯ ಐದು ಪಟ್ಟಿಗಿಂತ ಜಾಸ್ತಿ. ಅದೇ ಹೊತ್ತಿಗೆ ಚಿಕಿತ್ಸೆಯ ಜೊತೆ ಯೋಗ, ಧ್ಯಾನ ಮಾಡಿದರೆ ಆತಂಕ, ಖಿನ್ನತೆ ಕಡಿಮೆಯಾಗುತ್ತದೆ ಅಂತ ಅಲ್ಲಿನ ಕ್ಯಾನ್ಸರ್ ತಜ್ಞರ ಸಂಘವೇ ಈಗ ಸಲಹೆ ಕೊಡುತ್ತದೆ. ನಮ್ಮ ಬೆಂಗಳೂರಿನ ಹತ್ತಿರ ಜಿಗಣಿಯ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದವರೂ ಸ್ತನ ಕ್ಯಾನ್ಸರ್ ರೋಗಿಗಳ ಮೇಲೆ ಇಂಥ ಸಂಶೋಧನೆ ಮಾಡಿದ್ದಾರೆ, ಚಿಕಿತ್ಸೆಯ ಜೊತೆಗೇ.

ಇನ್ನೊಂದು ಮಾತು ಹೇಳದಿದ್ದರೆ ಮನಸ್ಸು ತಡೆಯುವುದಿಲ್ಲ. ಒಂದು ಶಿಬಿರದಲ್ಲಿ ಒಬ್ಬರು ನನಗೆ, ನೀವು ಒಳಗೆ ನುಂಗಿಕೊಂಡ ಸಿಟ್ಟೇ ಗಡ್ಡೆಯಾಗಿದೆ, ಎಲ್ಲರನ್ನೂ ಕ್ಷಮಿಸಿಬಿಡಿ, ಕರಗುತ್ತದೆ ಅಂದರು. ಎರಡು ರಾತ್ರಿ ನಾನು ಯಾರ ಮೇಲೆ ಸಿಟ್ಟು ಇಟ್ಟುಕೊಂಡಿದ್ದೆ ಅಂತ ಹುಡುಕಿ ಹುಡುಕಿ ಸೋತೆ. ತಲೆಕೂದಲು ಉದುರಿದ್ದಕ್ಕಿಂತ ಜಾಸ್ತಿ ನೋಯಿಸಿದ್ದು ಆ ಮಾತು. ನಿಮಗೂ ಯಾರಾದರೂ ಹಾಗೆ ಹೇಳಬಹುದು. ಈ ರೋಗ ನಿಮ್ಮ ಸ್ವಭಾವದಿಂದ ಬಂದದ್ದಲ್ಲ, ನೀವು ಯಾರಿಗೋ ಮಾಡಿದ ತಪ್ಪಿನಿಂದಲೂ ಬಂದದ್ದಲ್ಲ. ದಯವಿಟ್ಟು ಅದನ್ನು ತಲೆಗೆ ಹಚ್ಚಿಕೊಳ್ಳಬೇಡಿ.

ನಾನು ಈಗಲೂ ವರ್ಷಕ್ಕೊಮ್ಮೆ ಮ್ಯಾಮೋಗ್ರಾಂ ಮಾಡಿಸುತ್ತೇನೆ. ರೋಗ ಮರಳದಂತೆ ಕೊಡುವ ಟಮಾಕ್ಸಿಫೆನ್ ಮಾತ್ರೆ ಐದು ವರ್ಷ ಅಂದಿದ್ದರು, ಇನ್ನೂ ಮುಂದುವರಿಸಿ ಅಂದಿದ್ದಾರೆ, ನುಂಗುತ್ತಿದ್ದೇನೆ. ಬೆಳಗ್ಗೆ ಕಾಫಿಗೆ ಮೊದಲು ಜಗಲಿಯಲ್ಲಿ ಅರ್ಧ ಗಂಟೆ ಕೂರುತ್ತೇನೆ.

ಮುಂದಿನ ವಾರ ಹೋಗುವಾಗ ಉಣ್ಣೆಯ ಕಾಲುಚೀಲ ತೆಗೆದುಕೊಂಡು ಹೋಗಿ, ಕೀಮೋ ವಾರ್ಡಿನಲ್ಲಿ ಎಸಿ ತುಂಬಾ ತಣ್ಣಗಿರುತ್ತದೆ. ಸೂಜಿ ಹಾಕಿಸಿಕೊಳ್ಳುವಾಗ ಆ ನಾಲ್ಕು-ಆರು ಉಸಿರಾಟ ಮಾಡಿ, ಆಪರೇಷನ್ ಆಗದ ಕಡೆಯ ಕೈಯನ್ನೇ ಕೊಡಿ. ಮನೆಯಲ್ಲಿ ಥರ್ಮಾಮೀಟರ್ ಇಲ್ಲದಿದ್ದರೆ ಇವತ್ತೇ ತರಿಸಿ. ಮೊದಲನೆಯದು ಆದ ಮೇಲೆ ಹೇಗಾಯಿತು ಅಂತ ಇಲ್ಲೇ ಬರೆಯಿರಿ, ನಾನು ದಿನಾ ನೋಡುತ್ತಿರುತ್ತೇನೆ.