ಮನೆ ಕೊಳ್ಳುವ ಕಕ್ಷಿದಾರರಿಗೆ ಹವಾಮಾನದ ಅಪಾಯವನ್ನು ವಕೀಲರು ಹೇಳಬೇಕೇ?

ನಿಮ್ಮ ಪ್ರಶ್ನೆ ಇಷ್ಟು: ನೆರೆ, ಬಿಸಿಲು, ಮಣ್ಣುಕುಸಿತದ ಮಾತು ವಕೀಲರ ಕೆಲಸವೇ? ಬಾಯಿಬಿಟ್ಟರೆ ಹೊಣೆ ನಮ್ಮ ಮೇಲೆ ಬೀಳುವುದಿಲ್ಲವೇ?

ಹೇಳಲೇಬೇಕು. ಆದರೆ ಮನೆ ಮುಳುಗುತ್ತದೋ ಇಲ್ಲವೋ ಎಂದು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಇಂಥ ಅಪಾಯ ಇರಬಹುದು, ಇದನ್ನು ಯಾರಿಂದ ಪರೀಕ್ಷೆ ಮಾಡಿಸಬೇಕು, ಕರಾರಿಗೆ ಸಹಿ ಹಾಕುವ ಮೊದಲು ಯಾವ ಕಾಗದ ಕೈಗೆ ಬರಬೇಕು, ಇಷ್ಟನ್ನು ಹೇಳಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ನ ವಕೀಲರ ಸಂಘ ಲಾ ಸೊಸೈಟಿ 2023ರಲ್ಲಿ ವಕೀಲರಿಗಾಗಿ ಹೊರಡಿಸಿದ ಹವಾಮಾನ ಮಾರ್ಗಸೂಚಿ ಕಕ್ಷಿದಾರರಿಗೆ ಇಂಥ ಅಪಾಯಗಳ ಬಗ್ಗೆ ಸಲಹೆ ಕೊಡುವುದನ್ನೂ ಚರ್ಚಿಸುತ್ತದೆ. ಕೆಲಸ ಒಪ್ಪಿಕೊಳ್ಳುವ ಪತ್ರದಲ್ಲೇ ನೀವು ಏನನ್ನು ನೋಡುತ್ತೀರಿ, ಏನನ್ನು ನೋಡುವುದಿಲ್ಲ ಎಂದು ಸ್ಪಷ್ಟವಾಗಿ ಬರೆಯಿರಿ.

ಆ ಜಾಗದ ನೆರೆ, ಮಣ್ಣಿನ ಅಪಾಯದ ಬಗ್ಗೆ ತಜ್ಞರ ವರದಿ ತರಿಸಿದ ಮೇಲೆ ಓದದೆ ಹಾಗೇ ರವಾನಿಸಬೇಡಿ. ಎಡವಟ್ಟಾಗುವುದು ಹೆಚ್ಚಾಗಿ ಇಲ್ಲಿಯೇ. ‘ನೂರು ವರ್ಷಕ್ಕೊಮ್ಮೆ ಬರುವ ನೆರೆ’ ಎಂದು ಓದಿದ ಕಕ್ಷಿದಾರರು ತಮ್ಮ ಕಾಲದಲ್ಲಿ ಬರುವುದಿಲ್ಲ ಎಂದುಕೊಳ್ಳುತ್ತಾರೆ. ಅದರ ಅರ್ಥ ಪ್ರತಿ ವರ್ಷವೂ ಶೇ. 1ರಷ್ಟು ಸಾಧ್ಯತೆ, 30 ವರ್ಷದ ಸಾಲದ ಅವಧಿಯಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ಸುಮಾರು ಶೇ. 26. ವರದಿ ನದಿಯ ನೆರೆಯನ್ನು ಮಾತ್ರ ಲೆಕ್ಕ ಹಾಕಿದೆಯೇ, ಮಳೆನೀರು ನಿಲ್ಲುವುದನ್ನೂ ಸೇರಿಸಿದೆಯೇ? ಯಾವ ಇಸವಿಯವರೆಗಿನ ಅಂದಾಜು? ಆ ಕಟ್ಟಡದ್ದೋ, ಇಡೀ ಬಡಾವಣೆಯದ್ದೋ? ಮನೆ ಒಣಗಿದ್ದು ರಸ್ತೆ ಮುಳುಗುವ ಜಾಗಗಳೂ ಇರುತ್ತವೆ. ಜೇಡಿಮಣ್ಣಾದರೆ ಬೇಸಿಗೆಯಲ್ಲಿ ಕುಗ್ಗಿ, ಮಳೆಗೆ ಉಬ್ಬಿ ಅಡಿಪಾಯ ಬಿರುಕುಬಿಡಬಹುದು. ಅದನ್ನು ಎಂಜಿನಿಯರ್ ನೋಡಲಿ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ವಿಮೆ. ಸಾಲ 25–30 ವರ್ಷದ್ದು, ವಿಮೆ ಸಾಮಾನ್ಯವಾಗಿ ಒಂದೇ ವರ್ಷದ್ದು. ಮುಂಗಡ ಕೊಡುವ ಮೊದಲೇ ಆ ವಿಳಾಸಕ್ಕೆ, ಕೊಳ್ಳುವವರ ಹೆಸರಿನಲ್ಲೇ ವಿಮೆಯ ದರ ಕೇಳಿಸಿ. ನೆರೆಯ ಹಾನಿಯಲ್ಲಿ ಮೊದಲ ಎಷ್ಟು ಮೊತ್ತವನ್ನು ಕೈಯಿಂದ ಭರಿಸಬೇಕು ಎಂಬುದನ್ನೂ ನೋಡಿ. ಬ್ರಿಟನ್ನಿನ ಫ್ಲಡ್ ರೀ ಯೋಜನೆಯಿಂದಾಗಿ ಅಲ್ಲಿ ನೆರೆಪ್ರದೇಶದ ಮನೆಗಳಿಗೂ ಕೈಗೆಟುಕುವ ದರದಲ್ಲಿ ವಿಮೆ ಸಿಗುತ್ತದೆ. 2016ರಲ್ಲಿ ಶುರುವಾದ ಅದು ಮುಗಿಯುವುದು 2039ಕ್ಕೆ, ಅಂದರೆ ಇಂದು 25 ವರ್ಷಕ್ಕೆ ಮಾಡಿದ ಸಾಲದ ನಡುವೆ. 2009ರಿಂದೀಚೆಗೆ ಕಟ್ಟಿದ ಮನೆಗಳಿಗಂತೂ ಅದು ಅನ್ವಯಿಸುವುದೇ ಇಲ್ಲ.

ಮಾರುವವರಿಗೆ ಬರಹದಲ್ಲೇ ಕೇಳಿ: ನೀರು ನುಗ್ಗಿತ್ತೇ, ಎಷ್ಟು ಎತ್ತರಕ್ಕೆ, ವಿಮೆ ಹಣ ಪಡೆದಿದ್ದಾರೆಯೇ, ಯಾವುದಾದರೂ ಕಂಪನಿ ವಿಮೆ ನಿರಾಕರಿಸಿತ್ತೇ?

‘ಅಪಾಯ ಕಡಿಮೆ’ ಎಂಬ ಮಾತನ್ನು ನಿಮ್ಮ ಸ್ವಂತ ಮಾತಾಗಿ ಬರೆಯಬೇಡಿ. ‘ವರದಿ ಹೀಗೆ ಹೇಳುತ್ತದೆ’ ಎನ್ನಿ. ಕಕ್ಷಿದಾರರು ಪರೀಕ್ಷೆ ಬೇಡವೆಂದರೆ, ನೀವು ಹೇಳಿದ್ದು, ಅವರು ಬೇಡವೆಂದದ್ದು ಎರಡನ್ನೂ ಅಂದೇ ತಾರೀಖು ಹಾಕಿ ಪತ್ರದಲ್ಲಿ ಕಳಿಸಿ, ಒಂದು ಪ್ರತಿಯನ್ನು ಕಡತದಲ್ಲಿಡಿ.